ಹಾಡಿ ಅಳುವವರ ಪಾಳ್ಯ

ಮೊದಲನೆಯ ಕಿವಿಯನ್ನು ಕೂರಿಸಿದ್ದು ಟೋಲ್‌ಗೇಟಿನ ಪಕ್ಕದ ದೀಪದ ಕಂಬಕ್ಕೆ. ಸುರಕ್ಷಾ ಕೇಂದ್ರದವರು ಅದಕ್ಕೆ ಬೇರೆ ಏನೋ ಹೆಸರಿಟ್ಟಿದ್ದರು. ಊಟದ ಡಬ್ಬಿಯಷ್ಟು ದೊಡ್ಡದಾದ, ನಾಲ್ಕು ಕಡೆಗೂ ತೆಳ್ಳನೆಯ ಪೊರೆ ಬಿಗಿದ ಆ ಪೆಟ್ಟಿಗೆಯನ್ನು ಜನ ಮಾತ್ರ ಕಿವಿ ಎಂದೇ ಕರೆದರು. ವರ್ಷ ತುಂಬುವುದರೊಳಗೆ ನವಚೇತನ ಬಡಾವಣೆಯ ಅಡ್ಡರಸ್ತೆಗಳಲ್ಲೂ, ಕೊನೆಗೆ ಬಡಾವಣೆಗೆ ಅಂಟಿಕೊಂಡೇ ಇದ್ದ ಗಂಗೇನಪಾಳ್ಯದ ಓಣಿಗಳಲ್ಲೂ ಕಂಬಕ್ಕೊಂದು ಕಿವಿ ಬಂತು.

ಬೇಕು ಎಂದು ಕೇಳಿದವರು ಜನರೇ. ನಗರ ಬೆಳೆಯುತ್ತ ಬಂದು ಇಲ್ಲಿ ನಿಂತಿತ್ತು; ಪೂರ್ತಿ ಬಂದೂ ಇರಲಿಲ್ಲ. ಕಟ್ಟಿದ ಮನೆಗಳ ನಡುವೆ ಪಾರ್ಥೇನಿಯಂ ಬೆಳೆದ ಖಾಲಿ ಸೈಟುಗಳು. ಬೆಳಗಾದರೆ ದುಡಿಯುವವರೆಲ್ಲ ನಗರದ ಬಸ್ಸು ಹತ್ತುತ್ತಿದ್ದರು. ಹಗಲೆಲ್ಲ ಬೀದಿಗಳು ಬಿಕೋ ಎನ್ನುತ್ತಿದ್ದವು. ಬೈಕಿನಲ್ಲಿ ಬಂದವರು ಕತ್ತಿನ ಸರ ಕಿತ್ತರೆ ಕೇಳುವವರಿಲ್ಲ. ಗ್ಯಾಸ್ ಒಲೆ ನೋಡುತ್ತೇನೆಂದು ಒಳಗೆ ಬಂದವನು ಬೀರು ಒಡೆದುಕೊಂಡು ಹೋದರೆ, ಠಾಣೆ ಇದ್ದದ್ದು ಟೋಲಿನ ಆಚೆ.

ಕಿವಿಗೆ ಮಾತು ತಿಳಿಯುತ್ತಿರಲಿಲ್ಲ. ಅದಕ್ಕೆ ತಿಳಿಯುತ್ತಿದ್ದದ್ದು ನಡುಕ ಒಂದೇ. ಮನುಷ್ಯನಿಗೆ ಪ್ರಾಣಭಯವಾದಾಗ ಗಂಟಲಿನ ತಂತುಗಳ ಸುತ್ತಲಿನ ಸಣ್ಣ ಸ್ನಾಯುಗಳು ತಾವಾಗಿ ಅದುರುತ್ತವೆ. ಆ ಅದುರು ಸ್ವರದೊಳಗೆ ಸೇರಿ ಬರುತ್ತದೆ. ಅದನ್ನು ಬೇಕೆಂದು ತರಲಾಗದು, ಬೇಡವೆಂದು ತಡೆಯಲಾಗದು. ಹುಡುಗರ ಕಿರುಚಾಟ, ಟೀವಿಯ ಗೋಳಾಟ ಯಾವುದಕ್ಕೂ ಕಿವಿ ಮಿಸುಕುತ್ತಿರಲಿಲ್ಲ. ನಿಜವಾದ ನಡುಕ ಕೇಳಿದರೆ ಮಾತ್ರ ಕಂಬದ ಹಸಿರು ದೀಪ ಕೆಂಪಾಗಿ, ವೃತ್ತದಲ್ಲಿ ಕಾದಿರುತ್ತಿದ್ದ ಕೇಂದ್ರದ ವ್ಯಾನು ಹೊರಡುತ್ತಿತ್ತು. ವ್ಯಾನಿನವರು ಕೂಗು ಎದ್ದ ಜಾಗದ ಸುತ್ತ ನಿಂತಿದ್ದವರನ್ನೆಲ್ಲ ಹಿಡಿದು ಕೂರಿಸಿ ಆಮೇಲೆ ವಿಚಾರಿಸುತ್ತಿದ್ದರು. ಹಾಗಾಗಿ ಕೂಗು ಕೇಳಿದರೆ ಯಾರೂ ಹೊರಗೆ ಬರಕೂಡದು ಎಂದು ಮನೆಮನೆಗೂ ತಿಳಿಸಿದ್ದರು.

ಜನ ಬೇಗ ಕಲಿತರು. ಕೂಗು ಕೇಳಿದರೆ ಕಿಟಕಿಯ ಹಿಂದೆ ನಿಲ್ಲುವುದು. ವ್ಯಾನು ಬಂದರೆ ಏನೋ ಆಗಿದೆ. ಬಾರದಿದ್ದರೆ ಏನೂ ಆಗಿಲ್ಲ. ಕಳ್ಳತನ ಇಳಿಯಿತು, ಸರಗಳ್ಳರು ಬೇರೆ ದಿಕ್ಕಿಗೆ ಹೋದರು, ಸೈಟಿನ ಬೆಲೆ ಏರಿತು. ತಿಂಗಳ ಅಪರಾಧದ ಅಂಕಿಯನ್ನು ಬಡಾವಣೆಯ ಕಮಾನಿನ ಮೇಲೆ ದೊಡ್ಡದಾಗಿ ತೋರಿಸುತ್ತಿದ್ದರು. ಬರುಬರುತ್ತ ಅಲ್ಲಿ ಸೊನ್ನೆಯೇ ಕಾಣತೊಡಗಿತು.

ಕೇಂದ್ರದ ಕಂಟ್ರೋಲ್ ರೂಮಿನಲ್ಲಿ ಹಗಲಿನ ಪಾಳಿ ನೋಡುತ್ತಿದ್ದವಳು ವೈಜಯಂತಿ. ಗೋಡೆಯಗಲದ ನಕ್ಷೆಯಲ್ಲಿ ಕಂಬಗಳ ಹಸಿರು ಚುಕ್ಕೆಗಳನ್ನು ಕಾಯುವುದು ಅವಳ ಕೆಲಸ. ಮನೆಯಲ್ಲಿ ತಂದೆ ಶೇಷಗಿರಿರಾವ್, ಇವಳು, ಇಬ್ಬರೇ. ರಾಯರು ಗಮಕಿಗಳು. ಅವರು ರಾಗಗೂಡಿಸಿ ಓದುವ ಷಟ್ಪದಿಗಳನ್ನು ಕೇಳುತ್ತಲೇ ಅವಳು ಬೆಳೆದಿದ್ದಳು. ಶನಿವಾರ ಸಂಜೆ ಬಡಾವಣೆಯಲ್ಲಿ ಸರದಿಯ ಮೇಲೆ ಒಂದೊಂದು ಮನೆಯಲ್ಲಿ ಕಾವ್ಯವಾಚನ ಇರುತ್ತಿತ್ತು. ತಂದೆ ಓದುವಾಗ ವೈಜಯಂತಿ ಹಿಂದಿನ ಸಾಲಿನಲ್ಲಿ ಗೋಡೆಗೊರಗಿ ಕಣ್ಣು ಮುಚ್ಚಿ ಕೂರುತ್ತಿದ್ದಳು. ಅವಳ ಪಾಲಿಗೆ ಅದೇ ಪೂಜೆ.

ಒಂದು ಶನಿವಾರ ಬಡಾವಣೆಯ ಸಂಘದ ಅಧ್ಯಕ್ಷರ ಮನೆಯಲ್ಲಿ ಓದು. ತುಂಬಿದ ಸಭೆಯಲ್ಲಿ ಹೆಣ್ಣೊಬ್ಬಳು ದೇವರನ್ನು ಕೂಗಿ ಮೊರೆಯಿಡುವ ಭಾಗ. ರಾಯರು ಮುಖಾರಿ ರಾಗ ಹಿಡಿದು ಎರಡು ಪದ್ಯ ಮುಗಿಸಿ ಮೂರನೆಯದಕ್ಕೆ ಬಂದಿದ್ದರು. ಬಾಗಿಲು ದಢಾರನೆ ತೆರೆದು ವ್ಯಾನಿನ ನಾಲ್ವರು ಒಳನುಗ್ಗಿದರು.

"ಯಾರೂ ಅಲ್ಲಾಡ್ಬೇಡಿ. ಆ ಹೆಂಗಸು ಎಲ್ಲಿ? ಯಾವ ರೂಮಲ್ಲಿ ಕೂಡ್ಹಾಕಿದೀರಾ?"

ರಾಯರು ಕನ್ನಡಕ ತೆಗೆದು ಅವನನ್ನು ನೋಡಿದರು. "ಇಲ್ಲೇ ಇದ್ದಾಳಪ್ಪಾ, ಈ ಪುಸ್ತಕದಲ್ಲಿ. ಒಂದು ಸ್ವಲ್ಪ ತಾಳಿದ್ರೆ ದೇವರೇ ಬರೋನಿದ್ದ. ನೀವು ಮುಂಚೆ ಬಂದ್ಬಿಟ್ರಿ."

ಸಭೆ ಬಿದ್ದು ಬಿದ್ದು ನಕ್ಕಿತು. ವ್ಯಾನಿನವರಿಗೆ ಕೋಸಂಬರಿ ಕೊಟ್ಟು ಕಳಿಸಿದರು. ಮನೆಗೆ ಬರುವ ದಾರಿಯಲ್ಲಿ ರಾಯರು, "ಯಂತ್ರಕ್ಕೂ ರಸ ತಿಳೀತು ನೋಡಮ್ಮ," ಎಂದು ಎರಡು ಸಲ ಹೇಳಿದರು. ಆದರೆ ಮುಂದಿನ ಶನಿವಾರವೂ ವ್ಯಾನು ಬಂತು, ಅದರ ಮುಂದಿನ ಶನಿವಾರವೂ ಬಂತು. ಸಂಘದವರು ಕೇಂದ್ರಕ್ಕೆ ಮನವಿ ಕೊಟ್ಟರು: ಓದಿಗೆ ವಿನಾಯಿತಿ ಬೇಕು.

ಕಿವಿಗಳ ಹಿಂದಿನ ಬುದ್ಧಿಯನ್ನು ತಿದ್ದುವ ಎಂಜಿನಿಯರ್ ಫಣೀಂದ್ರ ತಲೆ ಕೆರೆದುಕೊಂಡ. "ನಿಮ್ಮ ತಂದೆ ನಟನೆ ಮಾಡಿದ್ರೆ ಕಷ್ಟ ಇರ್ಲಿಲ್ಲ ಮೇಡಂ. ಓದ್ತಾ ಓದ್ತಾ ಅವರ ಗಂಟಲು ನಿಜವಾಗ್ಲೂ ನಡುಗುತ್ತೆ. ಕಿವಿ ಏನು ಮಾಡುತ್ತೆ ಪಾಪ?"

"ಓದೋ ಮನೆ ಹತ್ತಿರದ ಕಂಬಾನ ಆಫ್ ಮಾಡಿ."

"ವಾರಕ್ಕೊಂದು ಮನೆ ಅಂತೀರಾ. ಆಫ್ ಮಾಡಿದ ಹೊತ್ತಲ್ಲೇ ಅಲ್ಲಿ ಕಳ್ಳ ಬಂದ್ರೆ?"

ವೈಜಯಂತಿ ಯೋಚಿಸಿದಳು. ಅದು ಅವಳಿಗೆ ಚೆನ್ನಾಗಿ ತಿಳಿದ ವಿಷಯ. "ಒಂದು ವ್ಯತ್ಯಾಸ ಇದೆ ನೋಡಿ. ಅಪ್ಪನ ಸ್ವರ ಎಲ್ಲಿ ಹೋದ್ರೂ ಮತ್ತೆ ಮತ್ತೆ ಬಂದು ಒಂದೇ ಶ್ರುತಿ ಮೇಲೆ ಕೂರುತ್ತೆ. ಸಾಲು ಮುಗಿಯೋದು ಉಸಿರಿನ ಲೆಕ್ಕಕ್ಕೆ. ನಿಜವಾಗಿ ಹೆದರಿದವರ ಸ್ವರಕ್ಕೆ ನೆಲೆ ಎಲ್ಲಿರುತ್ತೆ? ಯಾರಾದ್ರೂ ತಾಳ ಇಟ್ಕೊಂಡು ಅಳ್ತಾರಾ?"

"ಇಲ್ಲ ಬಿಡಿ," ಎಂದ ಫಣೀಂದ್ರ. ಇಬ್ಬರೂ ನಕ್ಕರು.

ರಾಯರನ್ನು ಕರೆಸಿ ಮೂರು ಹಗಲು ಓದಿಸಿದರು. ಶ್ರುತಿಗೆ ಮರಳುವ, ಉಸಿರಿನ ಅಳತೆಗೆ ಬೀಳುವ ನಡುಕವನ್ನು ಬಿಟ್ಟುಬಿಡಲು ಕಿವಿ ಕಲಿಯಿತು. ಕಂಬಗಳು ನೂರಾರು, ಬುದ್ಧಿ ಒಂದೇ. ಕಲಿತದ್ದು ಎಲ್ಲ ಕಂಬಗಳಿಗೂ, ಆಮೇಲೆ ಗಂಗೇನಪಾಳ್ಯದಲ್ಲಿ ಹೊಸದಾಗಿ ಕಿವಿ ಕೂರಿಸಿದ ಕಂಬಗಳಿಗೂ ಹರಿಯಿತು. ನಕ್ಷೆಯಲ್ಲಿ ಇನ್ನು ಮೇಲೆ ಅಂಥ ಕಡೆ ನೀಲಿ ಚುಕ್ಕೆ, ಅದರ ಕೆಳಗೆ ಪಾರಾಯಣ ಎಂಬ ಅಕ್ಷರ. ನೀಲಿ ಚುಕ್ಕೆಯ ದನಿಯನ್ನು ಯಾರೂ ಕೂತು ಕೇಳುತ್ತಿರಲಿಲ್ಲ. ಜನರ ಮನೆಯೊಳಗಿನ ಭಕ್ತಿಗೆ ಕಿವಿಗೊಡಬಾರದೆಂದು ನಿಯಮ ಮಾಡಿದ್ದರು. ಆ ಶನಿವಾರ ಓದು ಕೊನೆಯವರೆಗೂ ನಡೆಯಿತು. ಸಂಘದವರು ಕೇಂದ್ರಕ್ಕೆ ಪ್ರಸಾದ ಕಳಿಸಿದರು.

ಕೆಲವು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ವೈಜಯಂತಿ ಡಬ್ಬಿ ಬಿಚ್ಚಿ ಮೊಸರನ್ನ ಕಲಸುತ್ತಿದ್ದಳು. ನಕ್ಷೆಯಲ್ಲಿ ಗಂಗೇನಪಾಳ್ಯದ ಮೂಲೆಯ ಒಂದು ಚುಕ್ಕೆ ನೀಲಿಯಾಯಿತು. ಅವಳ ಊಟ ಮುಗಿದರೂ ಅದು ನೀಲಿಯಾಗಿಯೇ ಇತ್ತು.

"ನೋಡಿ ಫಣೀಂದ್ರ, ಪಾಳ್ಯದಲ್ಲೂ ಯಾರೋ ಓದು ಶುರು ಮಾಡಿದಾರೆ."

"ಪರವಾಗಿಲ್ವೇ," ಎಂದ ಅವನು ತಲೆಯೆತ್ತದೆ.

ಅವಳಿಗೆ ಮನಸ್ಸು ತುಂಬಿ ಬಂತು. ಯಾರ ಮನೆಯೋ, ಯಾವ ಕಾವ್ಯವೋ. ಬಲಗೈ ತಾನಾಗಿ ಎದೆಯ ಮೇಲೆ ಹೋಯಿತು. ಮುಕ್ಕಾಲು ಗಂಟೆಯ ಮೇಲೆ ಚುಕ್ಕೆ ಮತ್ತೆ ಹಸಿರಾಯಿತು.

ಮಾರನೆಯ ಬೆಳಿಗ್ಗೆ ಠಾಣೆಯಿಂದ ಸುದ್ದಿ ಬಂತು. ಗಂಗೇನಪಾಳ್ಯದಲ್ಲಿ ಮರಿಸಿದ್ದಯ್ಯ ಎಂಬವನು ತಲೆಗೆ ಪೆಟ್ಟಾಗಿ ಸತ್ತಿದ್ದಾನೆ. ಗಾರ್ಮೆಂಟ್ಸಿಗೆ ಹೋಗಿದ್ದ ಮಗಳು ಸಂಜೆ ಬಂದು ನೋಡಿದ್ದಾಳೆ. ಹೆಂಡತಿ ಬೇರೆ ಹೇಳುತ್ತಿದ್ದರೂ, ಕಿವಿ ಏನನ್ನೂ ಗುರುತಿಸಿಲ್ಲವಾದ್ದರಿಂದ ಜಾರಿ ಬಿದ್ದದ್ದು ಎಂದು ತೀರ್ಮಾನಿಸಲಾಗಿದೆ. ವೈಜಯಂತಿ ನಕ್ಷೆಯಲ್ಲಿ ಆ ಮನೆಯನ್ನು ಹುಡುಕಿದಳು. ಬೆರಳು ನಿಂತದ್ದು ನಿನ್ನೆಯ ನೀಲಿ ಚುಕ್ಕೆಯ ಮೇಲೆ. ನಿಯಮ ಮೀರಿ ಅವಳು ಕಿವಿ ಹಿಡಿದಿಟ್ಟಿದ್ದ ನಿನ್ನೆಯ ದನಿಯನ್ನು ತೆರೆದು ಹೆಡ್‌ಫೋನ್ ಹಾಕಿಕೊಂಡಳು.

*ಏಳು ನನ್ನ ದೊರೆಯೇ, ಎಮ್ಮೆಗೆ ನೀರಿಟ್ಟಿಲ್ಲ, ಓ... ಏಳು ನನ್ನ ದೊರೆಯೇ, ತೆರೆದ ಬಾಗ್ಲು ಮುಚ್ಚಿಲ್ಲ, ಓ... ಯಾರಾನ ಬನ್ನಿರೋ, ಹಿಡಿದ ಕೈ ಬಿಡಲಾರೆ, ಓ...*

ಸಾಲಿಗೊಂದು ಉಸಿರು. ಪ್ರತಿ ಸಾಲಿನ ಕೊನೆಯ ಓ ಹೋಗಿ ಕೂರುತ್ತಿದ್ದದ್ದು ಒಂದೇ ಶ್ರುತಿಯ ಮೇಲೆ.

ಪಾಳ್ಯದ ಹೆಂಗಸರು ಬರಿದೇ ಅಳುವವರಲ್ಲ, ಹಾಡಿಕೊಂಡು ಅಳುವವರು. ತಾಯಿ ಅತ್ತದ್ದನ್ನು ಕೇಳಿ ಮಗಳು ಕಲಿಯುತ್ತಾಳೆ. ಸಂಕಟ ಬಂದಾಗ ಬಾಯಿ ತೆರೆದರೆ ಬರುವುದೇ ಆ ಧಾಟಿ. ಬೇರೆ ಅಳು ಅವರ ಮೈಯಲ್ಲಿಲ್ಲ.

ವೈಜಯಂತಿ ಆ ಮನೆಗೆ ಹೋದಾಗ ಮರಿಸಿದ್ದಯ್ಯನ ಹೆಂಡತಿ ಹೊಂಬಾಳಮ್ಮ ಗೋಡೆಗೊರಗಿ ಕೂತಿದ್ದಳು. ದನಿ ಪೂರ್ತಿ ಬಿದ್ದುಹೋಗಿತ್ತು. ಪಕ್ಕದಲ್ಲಿದ್ದ ಎದುರುಮನೆಯ ನಂಜಮ್ಮಣ್ಣಿಯೇ ನಡೆದದ್ದನ್ನು ಹೇಳಿದಳು. ನೀರಿನ ಮೀಟರ್ ನೋಡಬೇಕೆಂದು ಇಬ್ಬರು ಒಳಗೆ ಬಂದಿದ್ದರು. ಟ್ರಂಕಿಗೆ ಕೈ ಹಾಕಿದಾಗ ಮರಿಸಿದ್ದಯ್ಯ ಅಡ್ಡ ಹೋಗಿದ್ದ. ನೂಕಿದ ರಭಸಕ್ಕೆ ತಲೆ ಒರಳುಕಲ್ಲಿಗೆ ಬಡಿದಿತ್ತು. ಅವರು ಮೊಬೈಲನ್ನೂ ಎತ್ತಿಕೊಂಡು ಹೋಗಿದ್ದರು. ಗಾಯಕ್ಕೆ ಟವಲು ಒತ್ತಿ ಹಿಡಿದಿದ್ದ ಹೊಂಬಾಳಮ್ಮ ಕೈ ಬಿಟ್ಟರೆ ರಕ್ತ ಚಿಮ್ಮುತ್ತಿತ್ತು. ಎದ್ದು ಹೋಗುವ ಹಾಗಿರಲಿಲ್ಲ. ಕೂಗುವುದೊಂದೇ ಉಳಿದದ್ದು. ಗಂಟೆಯೊಳಗೆ ತಂದಿದ್ದರೆ ಉಳಿಯುತ್ತಿದ್ದ ಎಂದು ಆಸ್ಪತ್ರೆಯಲ್ಲಿ ಹೇಳಿದರಂತೆ.

"ಅಳೋದು ನಂಗೂ ಕೇಳ್ತು ಕಣಕ್ಕ," ಎಂದಳು ನಂಜಮ್ಮಣ್ಣಿ, ನೆಲ ನೋಡುತ್ತ. "ಕಿಟಕೀಲಿ ನಿಂತ್ಕಂಡೆ. ವ್ಯಾನು ಬರ್ನಿಲ್ಲ. ವ್ಯಾನು ಬರ್ನಿಲ್ಲ ಅಂದ್ಮೇಲೆ ಏನೂ ಆಗಿಲ್ಲ, ಸತ್ತೋದ ಅವ್ವನ್ನ ನೆನೆಸ್ಕಂಡು ಅಳ್ತಾವ್ಳೆ ಅನ್ಕಂಡೆ. ಹೋಗಿ ಅನ್ನಕ್ಕಿಟ್ಟೆ."

ಹೊಂಬಾಳಮ್ಮ ತಲೆಯೆತ್ತಿದಳು. ಗಂಟಲಿನಿಂದ ಗಾಳಿಯಷ್ಟೇ ಬಂತು. "ನೀನು ಕಿವಿ ಆಫೀಸ್ನೋಳಾ ಅವ್ವ? ಕಂಬ ಇಲ್ಲೇ ಬಾಗ್ಲಲ್ಲೇ ಐತಲ್ಲ. ಕೆಟ್ಟೋಗಿತ್ತಾ?"

ಹೌದು ಎಂದುಬಿಡಬಹುದಿತ್ತು. ಸುಳ್ಳು ಹೇಳಿ ಅಭ್ಯಾಸವಿಲ್ಲದ ವೈಜಯಂತಿ, "ಇಲ್ಲಮ್ಮ, ಕೆಟ್ಟಿರಲಿಲ್ಲ," ಎಂದಳು.

"ಅಂಗಾರೆ ಕೇಳಿಸ್ತು."

"ಕೇಳಿಸ್ತು."

"ಮತ್ತೆ?"

"ನೀವು ಹಾಡಿಕೊಂಡು ಅತ್ತಿರಿ. ಅದು ದೇವರ ಓದು ಅಂತ ತಿಳ್ಕೊಂಡಿತು. ತಪ್ಪು ನಮ್ಮದಮ್ಮ. ನಾನು ಸರಿ ಮಾಡಿಸ್ತೀನಿ. ಇನ್ನು ಮೇಲೆ ನೀವು ಹೇಗೆ ಅತ್ತರೂ ವ್ಯಾನು ಬರೋ ಹಾಗೆ ಮಾಡಿಸ್ತೀನಿ."

ಹೊಂಬಾಳಮ್ಮನ ತುಟಿ ಮಾತ್ರ ಆಡಿತು: ಹಾಡ್ಕಂಡು ಅತ್ತೆ.

ಆ ಸಂಜೆ ವೈಜಯಂತಿ ತಂದೆಗೆ ಆ ದನಿ ಕೇಳಿಸಿದಳು. ರಾಯರು ಎಂದಿನಂತೆ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಬೆರಳುಗಳು ಮಂಡಿಯ ಮೇಲೆ ತಾಳ ಹಾಕತೊಡಗಿದವು. ಆಮೇಲೆ ಅವು ನಿಂತವು.

"ಎಷ್ಟು ಹೊತ್ತು ಹೀಗೆ?"

"ಮುಕ್ಕಾಲು ಗಂಟೆ."

ಅವರು ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡರು. "ನಮ್ಮ ಗುರುಗಳು ಹೇಳ್ತಿದ್ರು, ಕರುಣರಸ ಬೇಕಾದ್ರೆ ಪಾಳ್ಯದ ಸಾವಿನ ಮನೆ ಮುಂದೆ ಹೋಗಿ ನಿಂತು ಕೇಳೋ ಅಂತ. ಹುಡುಗನಾಗಿದ್ದಾಗ ನಿಂತು ಕೇಳಿದೀನಿ. ನನ್ನ ಮುಖಾರಿ ಅಲ್ಲಿಂದ ಬಂದದ್ದು. ಕಿವಿಗೆ ಇವರ ಅಳು ನನ್ನ ಓದಿನ ಹಾಗೆ ಕೇಳಿಸ್ತು ಅಂತೀಯಲ್ಲ, ಯಾಕೆ ಕೇಳಿಸಲ್ಲಮ್ಮ?"

"ಬೇರೆ ಮಾಡೋಕೆ ಏನಾದ್ರೂ ಗುರುತು ಇದೆಯಾ ಅಪ್ಪ?"

"ಗುರುತು ಉಳಿಯದ ಹಾಗೆ ಕಲೀಬೇಕು ಅಂತಲೇ ಅಲ್ವೇ ಇಷ್ಟು ವರ್ಷ ಕೂತದ್ದು?" ಅವರು ಎದ್ದು ನಿಂತರು. "ಆ ವಿನಾಯಿತಿ ತೆಗೆಸಿಬಿಡು. ನಾನಿನ್ನು ಓದೋದಿಲ್ಲ."

ವಿನಾಯಿತಿ ತೆಗೆಸಲು ಅವಳು ಜಗಳವಾಡಬೇಕಾಗಲಿಲ್ಲ. ಫಣೀಂದ್ರ ಆ ದನಿಯನ್ನು ಅರ್ಧ ಕೇಳಿ ತಾನೇ ವಿನಾಯಿತಿಯನ್ನು ಅಳಿಸಿಬಿಟ್ಟ.

ಅಲ್ಲಿಂದ ಹದಿನೈದು ದಿನ ಗಂಗೇನಪಾಳ್ಯಕ್ಕೆ ವ್ಯಾನು ಬಂದದ್ದೇ ಬಂದದ್ದು. ಮೊದಲು ಬಂದದ್ದು ಮರಿಸಿದ್ದಯ್ಯನ ತಿಥಿಗೆ. ಅತ್ತೆಯರು, ನಾದಿನಿಯರು ಸುತ್ತ ಕೂತು ಹಾಡಿ ಅಳುತ್ತಿದ್ದಾಗ ಕಂಬ ಕೆಂಪಾಯಿತು. ಹತ್ತಿರ ನಿಂತಿದ್ದ ಅಣ್ಣನ ಮಕ್ಕಳಿಬ್ಬರನ್ನು ಸಂಜೆಯವರೆಗೆ ಕೂರಿಸಿಕೊಂಡರು. ಇನ್ನೊಂದು ಮನೆಯವರು ಮಗಳನ್ನು ಗಂಡನ ಮನೆಗೆ ಕಳಿಸುವಾಗ ಬಂತು, ಮದುಮಗನನ್ನೇ ಹಿಡಿದು ವಿಚಾರಿಸಿದರು. ಸಾವು, ನೋವು, ಅಗಲಿಕೆ, ಹಳೆಯ ನೆನಪು, ಎಲ್ಲ ಅಳುವಿನಲ್ಲೂ ಆ ನಡುಕ ಇತ್ತು. ಅಳುವವರಿಗೆ ಭಯವೂ ಇರುತ್ತದೆ ಎಂಬುದನ್ನು ಕಿವಿ ಮಾಡಿದವರು ಯೋಚಿಸಿರಲಿಲ್ಲ. ಬಂದ ಒಂದೊಂದು ವ್ಯಾನೂ ಲೆಕ್ಕಕ್ಕೆ ಸೇರಿತು. ಕಮಾನಿನ ಮೇಲಿನ ಅಂಕಿ ಏರಿತು. ಬಡಾವಣೆಗೂ ಪಾಳ್ಯಕ್ಕೂ ನಡುವೆ ಗೋಡೆ ಕಟ್ಟಬೇಕೆಂದು ಸಂಘದವರು ಸಭೆ ಸೇರಿದರು. ಸ್ಕೂಲ್ ಬಸ್ಸು ಪಾಳ್ಯದೊಳಗೆ ಬರುವುದನ್ನು ನಿಲ್ಲಿಸಿತು.

ಕೊನೆಗೆ ಪಾಳ್ಯದ ಯಜಮಾನರೇ ಕೇಂದ್ರಕ್ಕೆ ಬಂದರು. "ಕಳ್ರು ಬೇಕಾರೆ ಬಂದೋಗ್ಲಿ ಸಾಮಿ. ನಮ್ಮ ಹೆಣದ ಮುಂದೆ ನಮ್ಮನ್ನ ಅಳಕ್ಕೆ ಬಿಡ್ರಿ."

ಮೇಲಿನವರು ಒಂದೇ ಬೆಳಿಗ್ಗೆ ತೀರ್ಮಾನ ಮಾಡಿದರು. ವಿನಾಯಿತಿ ಮರಳಿ ಬರುತ್ತದೆ. ಅಪಾಯ ಬಂದಾಗ ರಾಗವಿಲ್ಲದೆ ಕೂಗುವುದು ಹೇಗೆಂದು ಪಾಳ್ಯದ ಹೆಂಗಸರಿಗೆ ಶಿಬಿರ ನಡೆಸಿ ಕಲಿಸುವುದು.

"ಇದೇನಿದು ಫಣೀಂದ್ರ?" ಎಂದಳು ವೈಜಯಂತಿ.

"ಯಂತ್ರ ಕಲಿಯೋದಕ್ಕಿಂತ ಜನ ಬೇಗ ಕಲೀತಾರಂತೆ. ಮೇಲಿನವರ ಮಾತು ಮೇಡಂ, ನಂದಲ್ಲ." ಅವನು ಅವಳ ಮುಖ ನೋಡಲಿಲ್ಲ. "ಬೇರೆ ದಾರಿ ನಿಮಗೆ ಕಾಣುತ್ತಾ?"

ವೈಜಯಂತಿ ಶಿಬಿರಕ್ಕೆ ಹೋಗುವವರ ಪಟ್ಟಿಯಲ್ಲಿ ತನ್ನ ಹೆಸರನ್ನೂ ಬರೆದಳು.

ಶಿಬಿರ ನಡೆದದ್ದು ಪಾಳ್ಯದ ಶಾಲೆಯ ಅಂಗಳದಲ್ಲಿ. ನಡುವೆ ಒಂದು ಕಂಬ ನೆಟ್ಟು ಕಿವಿ ಕೂರಿಸಿದ್ದರು. ನಗರದಿಂದ ಬಂದಿದ್ದ ತರಬೇತಿಯವನು ಮೈಕು ಹಿಡಿದು, "ರಾಗ ಬೇಡ ಅಮ್ಮಂದಿರೇ. ಚುಟುಕಾಗಿ, ಒಡೆದ ಹಾಗೆ," ಎಂದ.

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದರು. "ನಿಮ್ಮನ್ನ ಯಾರಾನ ಕುಟ್ಟುದ್ರೆ ನೀವೆಂಗೆ ಕಿರುಚ್ತೀರಾ ಮೇಷ್ಟ್ರೇ? ಒಸಿ ಕಿರುಚಿ ತೋರ್ಸಿ," ಎಂದಳು ನಂಜಮ್ಮಣ್ಣಿ.

ಅವನು ಕಿರುಚಿದ. ದೀಪ ಹಸಿರಾಗಿಯೇ ಇತ್ತು.

"ಇವ್ರಿಗೆ ಭಯನೇ ಇಲ್ಲ ಕಣ್ರೇ, ಬನ್ರೇ ಎಲ್ರೂ ಸೇರಿ ಕುಟ್ಟೋಣ," ಎಂದು ಹಿಂದಿನಿಂದ ಒಬ್ಬಳೆಂದಳು. ಅಂಗಳವೆಲ್ಲ ನಗು.

ನಗದೆ ಕೂತಿದ್ದವಳು ಹೊಂಬಾಳಮ್ಮ ಒಬ್ಬಳೇ. ಅವಳು ಎದ್ದು ಬಂದು ಕಂಬದ ಮುಂದೆ ನಿಂತು ಬಾಯಿ ತೆರೆದಳು. ನಡುಕವಿತ್ತು, ದನಿ ಏರಿ, ತೂಗಿ, ಶ್ರುತಿಗೆ ಬಂದು ಕೂತಿತು. ದೀಪ ನೀಲಿಯಾಯಿತು.

"ಸಾಕಮ್ಮ, ಆಗಲಿ ಬಿಡಿ," ಎಂದ ತರಬೇತಿಯವನು.

"ಇನ್ನೊಂದ್ಸಲ."

ಮತ್ತೆ ನೀಲಿ. ಮತ್ತೊಮ್ಮೆ ನೀಲಿ. ನಗು ನಿಂತುಹೋಯಿತು. ವೈಜಯಂತಿ ಹೋಗಿ ತೋಳು ಹಿಡಿದಳು; ಹೊಂಬಾಳಮ್ಮ ಕೊಡವಿಕೊಂಡಳು. ಉಸಿರನ್ನು ಅರ್ಧದಲ್ಲೇ ಕತ್ತರಿಸಿ, ಸಾಲು ಕಟ್ಟಲು ಬರುವ ದನಿಯನ್ನು ಗಂಟಲಲ್ಲೇ ಅದುಮಿ, ಎಷ್ಟೋ ಸಲದ ಮೇಲೆ ಒಂದು ಸದ್ದು ಹೊರಬಂತು. ಅದರಲ್ಲಿ ತಾಯಿಯಿಂದ ಕಲಿತದ್ದೇನೂ ಇರಲಿಲ್ಲ. ಮನುಷ್ಯರ ದನಿಯಂತೆಯೂ ಇರಲಿಲ್ಲ. ಕಂಬ ಕೆಂಪಾಯಿತು. ಕೇಂದ್ರದವರು ಚಪ್ಪಾಳೆ ತಟ್ಟಿದರು.

ಹೊಂಬಾಳಮ್ಮ ಕೆಂಪು ದೀಪವನ್ನೇ ನೋಡುತ್ತ ನಿಂತಳು.

ಆ ವಾರದಿಂದ ಅವಳ ಮನೆಯ ಮುಂದಿನ ಕಂಬ ದಿನಾ ಮಧ್ಯಾಹ್ನ ಕೆಂಪಾಗತೊಡಗಿತು. ವ್ಯಾನು ಹೋಗುತ್ತಿತ್ತು, ಏನೂ ಆಗಿರುತ್ತಿರಲಿಲ್ಲ, ಮರಳಿ ಬರುತ್ತಿತ್ತು. ಅಭ್ಯಾಸದ ಕೂಗು ಎಂದು ಅದನ್ನು ಅಪರಾಧದ ಲೆಕ್ಕದಿಂದ ಕೈಬಿಟ್ಟರು. ಕಮಾನಿನ ಮೇಲೆ ಮತ್ತೆ ಸೊನ್ನೆ ಬಂತು. ಒಂದು ದಿನ ವೈಜಯಂತಿ ಬೇರೆಯವರಿಗೆ ನಕ್ಷೆ ಒಪ್ಪಿಸಿ ತಾನೂ ವ್ಯಾನು ಹತ್ತಿದಳು.

ಹೊಂಬಾಳಮ್ಮ ಹೊಸ್ತಿಲ ಮೇಲೆ ಕೂತಿದ್ದಳು. ವ್ಯಾನಿನವರಿಗಾಗಿ ತಂಬಿಗೆಯಲ್ಲಿ ನೀರು ತುಂಬಿಸಿಟ್ಟಿದ್ದಳು.

"ಯಾರಾದ್ರೂ ಬಂದಿದ್ರಾ ಅಮ್ಮ?"

"ಯಾರೂ ಬಂದಿಲ್ಲ. ಬತ್ತೈತೋ ಇಲ್ವೋ ನೋಡ್ದೆ." ಅವಳ ಬಾಯಿಂದ ಬರುತ್ತಿದ್ದದ್ದು ಹರಿದ ದನಿ. "ದಿನಾ ಬತ್ತೈತೆ ಕಣವ್ವ. ನಾನು ಕೂಗಿ, ಒಳೀಕೋಗಿ, ತಂಬಿಗೆ ತುಂಬಿಸ್ಕಂಡು ಬರೋ ಅಷ್ಟೊತ್ಗೆ ಬಂದು ನಿಂತಿರ್ತೈತೆ."

ವೈಜಯಂತಿ ಅವಳ ಪಕ್ಕ ಕೂತಳು. ಇಷ್ಟು ದಿನ ಹೇಳಲು ಆಗದಿದ್ದದ್ದನ್ನು ಹೇಳಿದಳು: ಹಾಡುವ ದನಿಯನ್ನು ಬಿಟ್ಟುಬಿಡು ಎಂದು ಕಿವಿಗೆ ಕಲಿಸಿದ್ದು ತಾನೇ, ಆ ಮಧ್ಯಾಹ್ನ ನೀಲಿ ಚುಕ್ಕೆಯನ್ನು ಕಂಡು ತಾನು ಸಂತೋಷಪಟ್ಟೆ, ಇದರಲ್ಲಿ ಹೊಂಬಾಳಮ್ಮನದು ಏನೇನೂ ತಪ್ಪಿಲ್ಲ. ಹೇಳುತ್ತ ಹೇಳುತ್ತ ಅವಳಿಗೆ ಅಳು ಬಂತು.

ಹೊಂಬಾಳಮ್ಮ ಎಲ್ಲವನ್ನೂ ಕೇಳಿದಳು. ಆಮೇಲೆ ಒರಟು ಅಂಗೈಯಿಂದ ಅವಳ ಬೆನ್ನು ಸವರಿದಳು.

"ನೀನ್ಯಾಕವ್ವ ಅಳ್ತೀಯ? ಯಂತ್ರಕ್ಕೆ ಅರ್ಥಾಗೋ ಅಂಗೆ ಕೂಗ್ಬೇಕಿತ್ತು. ಈಗ ಬತ್ತೈತಲ್ಲ ನಂಗೆ. ಅವತ್ತೂ ಬಂದಿರೋದು, ನಾನೇ ಹಾಡ್ತಾ ಕೂತ್ಕಂಡೆ. ಅವ್ನು ಮಡ್ಲಲ್ಲಿ ಹೋಯ್ತಾ ಇದ್ದ, ನಾನು ಹಾಡ್ತಾ ಕೂತ್ಕಂಡೆ."

"ಹಾಗಲ್ಲಮ್ಮ..."

"ಅಂಗೇಯ," ಎಂದಳು ಹೊಂಬಾಳಮ್ಮ, ಮಗುವಿಗೆ ಹೇಳುವಂತೆ. ತಂಬಿಗೆ ಎತ್ತಿಕೊಂಡು ವ್ಯಾನಿನವರ ಹತ್ತಿರ ಹೋಗಿ ಒಬ್ಬೊಬ್ಬರಿಗೂ ನೀರು ಕೊಟ್ಟಳು. "ಬಿಸಿಲಲ್ಲಿ ಬತ್ತೀರಪ್ಪ, ಕುಡೀರಿ. ನಾಳೆ ಇನ್ನೂ ಒಸಿ ಬಿರ್ರನೆ ಕೂಗ್ತೀನಿ."